ಮೊದಲು ಅರ್ಜಿಗೆ ನಂಬರ್ ಹಾಕಿಸಿ

ನಾನು 32 ವರ್ಷ ಕಂದಾಯ ಇಲಾಖೆಯಲ್ಲಿದ್ದವನು. 1988ರಲ್ಲಿ ದ್ವಿತೀಯ ದರ್ಜೆ ಗುಮಾಸ್ತನಾಗಿ ಸೇರಿದೆ, 2020ರಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದೆ. ಐದು ತಾಲ್ಲೂಕು ಕಚೇರಿ ನೋಡಿದ್ದೇನೆ. ಯಾವ ಊರು ಅಂತ ಕೇಳಬೇಡಿ, ನನ್ನ ಜೊತೆ ಕೂತು ಬುತ್ತಿ ಉಂಡವರು ಅಲ್ಲಿ ಈಗಲೂ ಇದ್ದಾರೆ. ಈಗ ವಾರಕ್ಕೆ ಮೂರು ದಿನ ನಮ್ಮೂರ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತೇನೆ. ದುಡ್ಡು ಮುಟ್ಟುವುದಿಲ್ಲ. ಕಾಫಿ ಕೊಡಿಸಿದರೆ ಕುಡಿಯುತ್ತೇನೆ. ‘ಕಾಫಿಗೆ’ ಅನ್ನುವ ಮಾತಿಗೆ ಕಚೇರಿಯಲ್ಲಿ ಬೇರೆಯೇ ಅರ್ಥ ಇತ್ತು, ಈಗ ನಿಜವಾದ ಕಾಫಿ.

ನಾನೇನು ಹರಿಶ್ಚಂದ್ರ ಅಲ್ಲ. ಬಾಯಿ ಬಿಟ್ಟು ಯಾರನ್ನೂ ಕೇಳಿಲ್ಲ. ಆದರೆ ಪಕ್ಕದ ಟೇಬಲ್ಲಿನವರು ಕೇಳುವಾಗ ತಲೆ ಬಗ್ಗಿಸಿ ರಿಜಿಸ್ಟರ್ ಬರೆಯುತ್ತಾ ಕೂತಿದ್ದೇನೆ. ದೀಪಾವಳಿಯ ಸ್ವೀಟ್ ಬಾಕ್ಸ್ ಮನೆಗೂ ತಂದಿದ್ದೇನೆ. ಹಾಗಾಗಿ ಕೆಳಗಿನದು ಒಳಗಿದ್ದವನ ಮಾತು ಅಂದುಕೊಳ್ಳಿ.

ಜನ ಏನು ತಿಳಿದಿರುತ್ತಾರೆ ಅಂದರೆ, ಕೆಲಸ ಮುಗಿಸುವುದಕ್ಕೆ ಲಂಚ ಕೇಳುತ್ತಾರೆ ಅಂತ. ಅದಕ್ಕೂ ಮುಂಚೆ ಇನ್ನೊಂದು ಹಂತ ಇದೆ. ಕೆಲಸವನ್ನು ನಿಲ್ಲಿಸಬೇಕು. ನಿಂತರೆ ತಾನೇ ನೀವು ಓಡಾಡುವುದು, ಓಡಾಡಿದರೆ ತಾನೇ ಸುಸ್ತಾಗುವುದು? ಮೂರನೇ ಸಲ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಕಳೆದುಕೊಂಡು ಬಂದವರು ತಾವಾಗಿಯೇ ಕೇಳುತ್ತಾರೆ, ‘ಏನಾದರೂ ನೋಡ್ಕೋಬೇಕಾ ಸಾರ್’ ಅಂತ. ನಾನು ಕಂಡ ಲಂಚದಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೆಯೇ ಕೈ ಬದಲಾಗಿದ್ದು. ಇನ್ನು ಎಲ್ಲಿಯೂ ದಾಖಲಾಗದ ಅರ್ಜಿಯನ್ನು ನಿಲ್ಲಿಸುವುದಂತೂ ಬಹಳ ಸುಲಭ.

ಕೈಗೆ ಕೊಟ್ಟ ಅರ್ಜಿ

ಹೋದ ವರ್ಷ ಒಬ್ಬ ಹೆಣ್ಣುಮಗಳು ಬಂದರು. ಗಂಡ ತೀರಿಕೊಂಡಿದ್ದರು. ಒಂದೂಕಾಲು ಎಕರೆ ಜಮೀನು, ಪೌತಿ ಖಾತೆ ಆಗಬೇಕು, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬರಬೇಕು. ಏಳು ತಿಂಗಳಿಂದ ಓಡಾಡುತ್ತಿದ್ದಾರೆ. ಮೊದಲು ಮರಣ ಪ್ರಮಾಣಪತ್ರ ಇಲ್ಲ ಅಂದರಂತೆ. ತಂದುಕೊಟ್ಟರು. ಆಮೇಲೆ ವಂಶವೃಕ್ಷ. ಅದೂ ಆಯಿತು. ಆಮೇಲೆ ಮೈದುನನ ಸಹಿ. ಕೊನೆಗೆ ‘ಸಾಹೇಬ್ರಿಗೆ ಒಂದು ಮಾತು ಹೇಳಬೇಕು, ಐದು ಇಟ್ಕೊಂಡು ಬನ್ನಿ’. ಐದು ಅಂದರೆ ಐದು ಸಾವಿರ.

‘ಅಮ್ಮಾ, ಅರ್ಜಿ ಎಲ್ಲಿ ಕೊಟ್ಟಿದ್ರಿ?’ ಅಂತ ಕೇಳಿದೆ.

‘ಅವರ ಕೈಗೇ ಕೊಟ್ಟೆ ಸಾರ್. ಬ್ಯಾಗಲ್ಲಿ ಇಟ್ಕೊಂಡ್ರು.’

ಅಲ್ಲಿಗೆ ಮುಗಿಯಿತು. ಸರ್ಕಾರದ ಲೆಕ್ಕದಲ್ಲಿ ಆಕೆ ಅರ್ಜಿಯನ್ನೇ ಕೊಟ್ಟಿಲ್ಲ. ಏಳು ತಿಂಗಳ ಓಡಾಟಕ್ಕೆ ಒಂದು ಚೂರು ಕಾಗದವೂ ಸಾಕ್ಷಿ ಇಲ್ಲ.

ಹಾಗಾಗಿ ನನ್ನ ಮೊದಲ ಪಾಠ ಇದೇ. ಯಾರ ಕೈಗೂ ಅರ್ಜಿ ಕೊಡಬೇಡಿ, ಕೌಂಟರಿಗೆ ಕೊಡಿ. ಸಕಾಲ ಅಂದರೆ ಗೊತ್ತುಮಾಡಿದ ದಿನದೊಳಗೆ ಸೇವೆ ಕೊಡಬೇಕು ಅನ್ನುವ ರಾಜ್ಯದ ಕಾಯ್ದೆ. ಅದರ ಪಟ್ಟಿಯಲ್ಲಿರುವ ಸೇವೆಯಾದರೆ ಅರ್ಜಿ ಹಾಕಿದ ಕೂಡಲೇ 15 ಅಂಕಿಯ ಒಂದು ನಂಬರ್ ಕೊಡಬೇಕು. ಜಿಎಸ್‌ಸಿ ನಂಬರ್ ಅನ್ನುತ್ತಾರೆ. ‘ಇಟ್ಟು ಹೋಗಿ, ಸರ್ವರ್ ಬಂದ ಮೇಲೆ ಎಂಟ್ರಿ ಮಾಡ್ತೀವಿ’ ಅಂದರೆ ಇಟ್ಟು ಹೋಗಬೇಡಿ. ಸರ್ವರ್ ಬರುವವರೆಗೆ ಅಲ್ಲೇ ಕೂರಿ, ಇಲ್ಲವೇ ಅರ್ಜಿಯನ್ನು ವಾಪಸ್ ತಗೊಂಡು ನಾಳೆ ಹೋಗಿ. ಸಕಾಲಕ್ಕೆ ಸೇರದ ವಿಷಯವಾದರೆ ಎರಡು ಪ್ರತಿ ಮಾಡಿಸಿ. ಒಂದನ್ನು ಟಪಾಲು ಶಾಖೆಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಜಗಳ ಬೇಡ. ನೇರ ಪೋಸ್ಟ್ ಆಫೀಸಿಗೆ ಹೋಗಿ ತಹಶೀಲ್ದಾರರ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅರ್ಜಿ ತಲುಪಿಲ್ಲ ಅಂತ ಹೇಳಲು ಯಾರಿಗೂ ಆಗುವುದಿಲ್ಲ.

ಎರಡನೆಯದು ಹಿಂಬರಹ. ಈ ಪದ ಕಚೇರಿ ಹೊರಗೆ ಯಾರಿಗೂ ಗೊತ್ತಿಲ್ಲ, ಒಳಗಿನವರಿಗೆ ಮಾತ್ರ ಇದರ ಭಯ ಗೊತ್ತು. ನಿಮ್ಮ ಅರ್ಜಿಯಲ್ಲಿ ಕೊರತೆ ಇದ್ದರೆ, ಏನು ಕೊರತೆ ಅಂತ ಕಚೇರಿ ನಿಮಗೆ ಬರೆದುಕೊಡುವ ಉತ್ತರವೇ ಹಿಂಬರಹ. ಸತಾಯಿಸುವ ವಿದ್ಯೆ ನಿಂತಿರುವುದು ಬಾಯಿಮಾತಿನ ಮೇಲೆ. ಒಂದೊಂದು ಸಲ ಒಂದೊಂದು ಕಾಗದ ಕೇಳುವುದು. ‘ಸರಿ ಸಾರ್, ಏನೇನು ಬೇಕೋ ಎಲ್ಲವನ್ನೂ ಒಂದೇ ಹಿಂಬರಹದಲ್ಲಿ ಕೊಡಿ, ಒಟ್ಟಿಗೆ ತರ್ತೀನಿ’ ಅಂತ ಮೆತ್ತಗೆ ಹೇಳಿ ನೋಡಿ. ಇಲ್ಲದ ಕೊರತೆಯನ್ನು ಸಹಿ ಹಾಕಿ ಬರೆದುಕೊಡಲು ಯಾರ ಕೈಯೂ ಬರುವುದಿಲ್ಲ. ಬರೆದರೆ ನಾಳೆ ಅದೇ ಅವರಿಗೆ ಉರುಳು.

ಆ ಹೆಣ್ಣುಮಗಳ ಅರ್ಜಿ ಹೊಸದಾಗಿ ಬರೆದು ಕೌಂಟರಿನಲ್ಲಿ ಹಾಕಿಸಿದೆವು. ಮೈದುನನ ಸಹಿ ಬೇಕು ಅನ್ನುವುದನ್ನು ಹಿಂಬರಹದಲ್ಲಿ ಕೊಡಿ ಅಂದೆವು. ಕೊಡಲಿಲ್ಲ. ಐದನೇ ವಾರ ಪಹಣಿಯಲ್ಲಿ ಆಕೆಯ ಹೆಸರು ಬಂತು.

ಸಕಾಲವನ್ನು ಅರ್ಧಕ್ಕೆ ಬಿಡಬೇಡಿ

ಸಕಾಲ ರಾಜ್ಯದಾದ್ಯಂತ ಜಾರಿಗೆ ಬಂದಿದ್ದು 2012ರ ಏಪ್ರಿಲ್ 2ರಂದು. ‘ಇಂದು, ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ’ ಅನ್ನುವ ಬೋರ್ಡು ನಮ್ಮ ಕಚೇರಿಗೂ ಬಂತು. ಮೊದಲ ಆರು ತಿಂಗಳು ನಿಜಕ್ಕೂ ಎಲ್ಲರಿಗೂ ನಡುಕ. ಆಮೇಲೆ ನಮ್ಮವರು ದಾರಿ ಕಂಡುಕೊಂಡರು. ಗಡುವು ಮುಗಿಯುವ ಹಿಂದಿನ ದಿನ ‘ದಾಖಲೆ ಸಾಲದು’ ಅಂತ ತಿರಸ್ಕರಿಸುವುದು. ಕಂಪ್ಯೂಟರ್ ಲೆಕ್ಕದಲ್ಲಿ ಅದೂ ವಿಲೇವಾರಿಯೇ. ಅಂಕಿಅಂಶ ಚೆನ್ನಾಗಿ ಕಾಣುತ್ತದೆ, ನಿಮ್ಮ ಕೆಲಸ ಮಾತ್ರ ಆಗಿರುವುದಿಲ್ಲ.

ಜನ ಅಲ್ಲಿಗೇ ಸೋತು ಹೊಸ ಅರ್ಜಿ ಹಾಕುತ್ತಾರೆ. ಹಾಕಬೇಡಿ. ತಿರಸ್ಕಾರವಾದರೂ ತಡವಾದರೂ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಬಹುದು, ಅಲ್ಲೂ ಆಗದಿದ್ದರೆ ಎರಡನೇ ಮೇಲ್ಮನವಿ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ನಿಮಗೆ ಪರಿಹಾರ ಬರಬೇಕು. ಅದು ತಪ್ಪು ಮಾಡಿದ ನೌಕರರ ಸಂಬಳದಿಂದ ಕಡಿತ. 500 ರೂಪಾಯಿ ಏನು ಮಹಾ ಅನ್ನಬಹುದು. ಸಂಬಳದ ಬಿಲ್ ಮಾಡಿದವನು ನಾನು, ಹೇಳುತ್ತೇನೆ ಕೇಳಿ. ಸಾವಿರಗಟ್ಟಲೆ ಮೇಲು ಸಂಪಾದನೆ ಇರುವವರಿಗೂ ಬಿಲ್ಲಿನಲ್ಲಿ ‘ಸಕಾಲ ಕಡಿತ 240’ ಅಂತ ಒಂದು ಸಾಲು ಬಂದರೆ ಇಡೀ ಆಫೀಸಿನಲ್ಲಿ ಮುಖ ತೋರಿಸಲು ಆಗುವುದಿಲ್ಲ.

ಹತ್ತು ರೂಪಾಯಿಯ ಪ್ರಶ್ನೆ

ಆರ್‌ಟಿಐ ಬಗ್ಗೆ ಎಲ್ಲರಿಗೂ ಗೊತ್ತು. ಸರಿಯಾಗಿ ಕೇಳುವುದು ಹೇಗೆ ಅನ್ನುವುದು ಮಾತ್ರ ಕೆಲವರಿಗೆ ಗೊತ್ತು. ‘ನನ್ನ ಕೆಲಸ ಯಾಕೆ ಆಗಿಲ್ಲ? ಯಾರು ಹೊಣೆ?’ ಅಂತ ಬರೆದ ಅರ್ಜಿ ನನ್ನ ಮೇಜಿಗೆ ಬಂದರೆ ನನಗೆ ಖುಷಿಯಾಗುತ್ತಿತ್ತು. ‘ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ’ ಅಂತ ಒಂದು ಸಾಲು ಬರೆದು ಕಳಿಸಿದರಾಯಿತು. ಯಾಕೆ ಅಂತ ಕೇಳಬೇಡಿ. ಕಚೇರಿಯಲ್ಲಿ ಈಗಾಗಲೇ ಇರುವ ಕಾಗದ ಕೇಳಿ.

ನಾನು ಬರೆದುಕೊಡುವ ಅರ್ಜಿ ಹೀಗಿರುತ್ತದೆ:

‘ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 6(1)ರ ಅಡಿ ಕೋರಿಕೆ. ಜನವರಿ 1ರಿಂದ ಜೂನ್ 30ರವರೆಗೆ ಈ ಹೋಬಳಿಯಲ್ಲಿ ಸ್ವೀಕರಿಸಿದ ಪೌತಿ ಖಾತೆ ಅರ್ಜಿಗಳ ಪಟ್ಟಿ, ಪ್ರತಿ ಅರ್ಜಿ ಸ್ವೀಕರಿಸಿದ ದಿನಾಂಕ ಹಾಗೂ ವಿಲೇವಾರಿ ಮಾಡಿದ ದಿನಾಂಕ ಒದಗಿಸಿ. ನನ್ನ ಅರ್ಜಿ ಸಂಖ್ಯೆ ಇಂಥದ್ದು. ಇದರ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು ಒದಗಿಸಿ.’

ಇಷ್ಟೇ. ಇದರಲ್ಲಿ ಬೈಗುಳ ಇಲ್ಲ, ಆರೋಪ ಇಲ್ಲ. ಆದರೆ ಪಟ್ಟಿ ಮಾಡಲು ಕೂತ ಗುಮಾಸ್ತನಿಗೆ ಬೆವರು ಬರುತ್ತದೆ. ನಿಮಗಿಂತ ಎರಡು ತಿಂಗಳು ತಡವಾಗಿ ಬಂದವರ ಖಾತೆ ನಾಲ್ಕೇ ವಾರದಲ್ಲಿ ಆಗಿದ್ದರೆ ಅದು ಪಟ್ಟಿಯಲ್ಲಿ ತಾನೇ ಎದ್ದು ಕಾಣುತ್ತದೆ. ಟಿಪ್ಪಣಿ ಹಾಳೆಯಲ್ಲಿ ಯಾರ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತು ಅನ್ನುವುದೂ ಬರುತ್ತದೆ. ತಹಶೀಲ್ದಾರರು ಕೇಸ್ ವರ್ಕರನ್ನು ಕರೆದು ‘ಯಾವುದಯ್ಯಾ ಇದು, ಮೊದಲು ಮುಗಿಸು’ ಅನ್ನುತ್ತಾರೆ. ಎಷ್ಟೋ ಸಲ ಮಾಹಿತಿ ಬರುವ ಮೊದಲೇ ಕೆಲಸ ಆಗಿರುತ್ತದೆ.

ನೆನಪಿಡಬೇಕಾದ್ದು ಸ್ವಲ್ಪ ಇದೆ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದೊಳಗೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಬಿಪಿಎಲ್ ಕುಟುಂಬಕ್ಕೆ ಶುಲ್ಕ ಇಲ್ಲ, ಕಾರ್ಡಿನ ನಕಲು ಲಗತ್ತಿಸಿ. ಯಾಕೆ ಬೇಕು ಅಂತ ಕಾರಣ ಕೊಡಬೇಕಾಗಿಲ್ಲ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅದಾದ ಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು, ಅದನ್ನು ಅಧಿಕಾರಿ ಸ್ವಂತ ಜೇಬಿನಿಂದ ಕಟ್ಟಬೇಕು.

ಒಂದು ಎಚ್ಚರಿಕೆ. ಆರ್‌ಟಿಐ ಕಾರ್ಯಕರ್ತ ಅಂತ ಕಾರ್ಡ್ ಮಾಡಿಸಿಕೊಂಡು, ಅರ್ಜಿ ಹಾಕಿ, ಆಮೇಲೆ ‘ಸೆಟಲ್’ ಮಾಡಿಕೊಳ್ಳುವವರು ನಮ್ಮ ತಾಲ್ಲೂಕಿನಲ್ಲೂ ಇದ್ದಾರೆ. ಅವರ ಕೈಗೆ ನಿಮ್ಮ ಕಾಗದ ಕೊಡಬೇಡಿ. ಇನ್ನು ಮರಳು, ಕಲ್ಲು ಕ್ವಾರಿ, ಕೆರೆ ಒತ್ತುವರಿಯಂಥ ವಿಷಯ ಇದ್ದರೆ ಒಬ್ಬರೇ ಹೆಸರು ಹಾಕಬೇಡಿ. ಹತ್ತು ಜನ ಹತ್ತು ಅರ್ಜಿ ಹಾಕಿ. ಧೈರ್ಯ ಇರಲಿ, ಮೊಂಡುತನ ಬೇಡ.

ಏಜೆಂಟ್

ಕಚೇರಿ ಮುಂದೆ ಫೈಲು ಹಿಡಿದು ನಿಂತಿರುವವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಮೇಲಿನವರೆಗೂ ಕೊಡಬೇಕು’ ಅಂತ ಅವರು ತಗೊಳ್ಳುವ ದುಡ್ಡು ಎಷ್ಟೋ ಸಲ ಮೇಲೆ ಹೋಗುವುದೇ ಇಲ್ಲ. ತಾನಾಗಿ ಆಗಲಿದ್ದ ಕೆಲಸಕ್ಕೆ ದುಡ್ಡು ಕಿತ್ತವರನ್ನು ಕಣ್ಣಾರೆ ನೋಡಿದ್ದೇನೆ. ಸಹಿ ಹಾಕಿದ ಸಾಹೇಬರಿಗೆ ತಮ್ಮ ಹೆಸರಿನಲ್ಲಿ ವಸೂಲಿ ಆಗಿದ್ದೇ ಗೊತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೇವಲ್ಲ, ಇಲ್ಲಿ ಪೂಜಾರಿಯೂ ಅಲ್ಲ, ಗುಡಿ ಮುಂದೆ ಚಪ್ಪಲಿ ಕಾಯುವವನು.

ಕಂಪ್ಯೂಟರ್ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೂ ಒಂದು ಮಾತು. 2000ದ ಸುಮಾರಿಗೆ ಪಹಣಿಯನ್ನು ಕಂಪ್ಯೂಟರಿಗೆ ಹಾಕುವ ‘ಭೂಮಿ’ ಯೋಜನೆ ಬಂದಾಗ ನಾನು ಕಚೇರಿಯಲ್ಲಿದ್ದೆ. ಅದಕ್ಕೂ ಮುಂಚೆ ಪಹಣಿ ಪುಸ್ತಕ ಗ್ರಾಮಲೆಕ್ಕಿಗರ ಚೀಲದಲ್ಲಿ ಇರುತ್ತಿತ್ತು. ಅವರು ಮದುವೆಗೆ ಹೋದರೆ ನಿಮ್ಮ ಜಮೀನೂ ಮದುವೆಗೆ ಹೋಯಿತು ಅಂತ ಲೆಕ್ಕ. ಕಂಪ್ಯೂಟರ್ ಪಹಣಿ 15 ರೂಪಾಯಿಗೆ ಸಿಗುವಂತಾಯಿತು. ಅದು ಸಣ್ಣ ಮಾತಲ್ಲ. ಆದರೆ ಪಹಣಿಯಲ್ಲಿ ನಿಂತ ಲಂಚ ಖಾತೆ ಬದಲಾವಣೆಗೆ ಹೋಯಿತು, ಅಲ್ಲಿಂದ ಪೋಡಿಗೆ (ಜಮೀನು ಅಳೆದು ಭಾಗ ಮಾಡುವುದು), ಸರ್ವೆ ನಕ್ಷೆಗೆ ಹೋಯಿತು. ಎಲ್ಲಿ ಒಬ್ಬರು ಸ್ಥಳಕ್ಕೆ ಬಂದು ನೋಡಿ ಬರೆಯಬೇಕೋ ಅಲ್ಲಿ ಈಗಲೂ ಕೂತಿದೆ. ಅದಕ್ಕೇ ಸ್ಥಳ ತನಿಖೆಗೆ ಬಂದವರ ಎದುರು ಪಕ್ಕದ ಹೊಲದವರನ್ನೂ ಕರೆದು ನಿಲ್ಲಿಸಿ. ಮಹಜರು, ಅಂದರೆ ಸ್ಥಳದಲ್ಲಿ ಕಂಡಿದ್ದರ ವರದಿ, ಬರೆದರೆ ಓದಿಸಿಕೊಂಡು ಸಹಿ ಹಾಕಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಬಾಯಿ ಬಿಟ್ಟು ಕೇಳಿದರೆ

ಇಷ್ಟೆಲ್ಲ ಮಾಡಿದರೂ ದುಡ್ಡು ಕೇಳಿಯೇ ಕೇಳಿದರೆ ಲೋಕಾಯುಕ್ತ. ಇದರ ಕಥೆ ಏರುಪೇರಿನದು. 2001ರಿಂದ 2006ರವರೆಗೆ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಲೋಕಾಯುಕ್ತರಾಗಿದ್ದಾಗ ಹೇಳದೆ ಕೇಳದೆ ಕಚೇರಿಗಳಿಗೆ ನುಗ್ಗುತ್ತಿದ್ದರು. ಆ ಕಾಲದಲ್ಲಿ ನಮ್ಮಲ್ಲಿ 10 ಗಂಟೆಗೆ ಎಲ್ಲ ಕುರ್ಚಿ ತುಂಬಿರುತ್ತಿದ್ದವು. ಅವರ ನಂತರ ಬಂದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಗಣಿ ವರದಿ 2011ರಲ್ಲಿ ಮುಖ್ಯಮಂತ್ರಿಯ ಕುರ್ಚಿಯನ್ನೇ ಅಲ್ಲಾಡಿಸಿತು. 2016ರಲ್ಲಿ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ, ಮಾಡಿ ಲೋಕಾಯುಕ್ತ ಪೊಲೀಸರ ಹಲ್ಲು ಕಿತ್ತರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿತು, ಆ ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಬಂತು. ಈಗ ನೀವು ಹೋಗಬೇಕಾದ್ದು ನಿಮ್ಮ ಜಿಲ್ಲೆಯ ಲೋಕಾಯುಕ್ತ ಪೊಲೀಸ್ ಠಾಣೆಗೆ.

ಲಂಚ ತಗೊಳ್ಳುವಾಗಲೇ ಹಿಡಿಯುವ ಟ್ರ್ಯಾಪ್ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿರಲಿ, ಭಯ ಕಡಿಮೆಯಾಗುತ್ತದೆ. ನೀವು ಲಿಖಿತ ದೂರು ಕೊಡುತ್ತೀರಿ, ಎಫ್‌ಐಆರ್ ಆಗುತ್ತದೆ. ಬೇರೆ ಇಲಾಖೆಯ ಇಬ್ಬರು ನೌಕರರನ್ನು ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಕರೆಸುತ್ತಾರೆ. ನಿಮ್ಮ ನೋಟುಗಳ ನಂಬರ್ ಬರೆದುಕೊಂಡು ಅದಕ್ಕೆ ಫಿನಾಫ್ಥಲೀನ್ ಪುಡಿ ಹಚ್ಚುತ್ತಾರೆ. ಆ ನೋಟು ಮುಟ್ಟಿದ ಕೈಯನ್ನು ಸೋಡಾ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಇಲ್ಲಿ ಜನ ಮಾಡುವ ತಪ್ಪು ಒಂದೇ. ಗಾಬರಿಯಲ್ಲಿ ಒಳಗೆ ಹೋದ ಕೂಡಲೇ ದುಡ್ಡು ಚಾಚಿಬಿಡುತ್ತಾರೆ. ಹಾಗೆ ಮಾಡಬೇಡಿ. ‘ನನ್ನ ಕೆಲಸ ಏನಾಯ್ತು ಸಾರ್’ ಅಂತ ಮಾತ್ರ ಕೇಳಿ, ಸುಮ್ನೆ ನಿಂತುಕೊಳ್ಳಿ. ಅವರ ಬಾಯಿಂದ ‘ತಂದಿದ್ದೀರಾ?’ ಅಂತ ಬರಬೇಕು. ಕೇಳಿದ್ದು, ತಗೊಂಡಿದ್ದು ಎರಡೂ ಸಾಬೀತಾಗದಿದ್ದರೆ ಕೇಸು ಬಿದ್ದುಹೋಗುತ್ತದೆ. ಮುಂಚೆ ಫೋನಿನಲ್ಲಿ ಕೇಳಿದ್ದರೆ ಆ ರೆಕಾರ್ಡಿಂಗ್ ಅಳಿಸಬೇಡಿ, ಫೋನನ್ನೇ ಪೊಲೀಸರಿಗೆ ತೋರಿಸಿ. ನಿಮ್ಮ ಫೈಲನ್ನೂ ಜಪ್ತಿ ಮಾಡುತ್ತಾರೆ, ಆದ್ದರಿಂದ ಎಲ್ಲ ದಾಖಲೆಯ ಜೆರಾಕ್ಸ್ ಮೊದಲೇ ಮನೆಯಲ್ಲಿ ಇಟ್ಟುಕೊಳ್ಳಿ. ವರ್ಷಗಳ ನಂತರ ಕೋರ್ಟಿನಿಂದ ಸಮನ್ಸ್ ಬರುತ್ತದೆ. ಅಷ್ಟರಲ್ಲಿ ಯಾರೋ ನೆಂಟರು ಬಂದು ‘ಪಾಪ, ಮಕ್ಕಳೊಂದಿಗ, ಬಿಟ್ಟುಬಿಡಿ’ ಅನ್ನುತ್ತಾರೆ. ಹೋಗಿ ನಿಜ ಹೇಳಿ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ, ದೂರುದಾರ ಪ್ರತಿಕೂಲ ಸಾಕ್ಷಿಯಾದರೂ ಬೇರೆ ಸಾಕ್ಷ್ಯದ ಮೇಲೆ ಅಪರಾಧ ಸಾಬೀತು ಮಾಡಬಹುದು ಅಂತ. ಅಂದರೆ ನೀವು ಮಾತು ಬದಲಿಸಿದರೆ ಅವರು ಉಳಿಯುತ್ತಾರೆ ಅನ್ನುವ ಖಾತ್ರಿ ಇಲ್ಲ, ನಿಮ್ಮ ಮರ್ಯಾದೆ ಹೋಗುವುದು ಮಾತ್ರ ಖಾತ್ರಿ.

ಈಗಾಗಲೇ ಕೊಟ್ಟುಬಿಟ್ಟಿದ್ದರೆ? ಭ್ರಷ್ಟಾಚಾರ ತಡೆ ಕಾಯ್ದೆಗೆ ಆದ 2018ರ ತಿದ್ದುಪಡಿಯಿಂದ ಲಂಚ ಕೊಡುವುದೂ ಅಪರಾಧ. ಆದರೆ ಬಲವಂತಕ್ಕೆ ಕೊಟ್ಟು, 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ನಿಮ್ಮ ಮೇಲೆ ಕೇಸಿಲ್ಲ. ಎಂಟನೇ ದಿನ ಹೋಗಬೇಡಿ, ಎರಡನೇ ದಿನವೇ ಹೋಗಿ.

ದುಡ್ಡಿನ ಮಾತು ಇಲ್ಲದೆ ಬರೀ ಸತಾಯಿಸುತ್ತಿದ್ದರೆ ಲೋಕಾಯುಕ್ತದ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಅಫಿಡವಿಟ್ ಬರೆದು ಕಳಿಸಬಹುದು. ಇಂಥ ಕುಂದುಕೊರತೆಯನ್ನು ಗೊತ್ತಾದ 6 ತಿಂಗಳೊಳಗೆ ಕೊಡಬೇಕು. ಪ್ರಮಾಣ ಮಾಡಿ ಬರೆಯುವುದು, ಹಾಗಾಗಿ ಕೇಳಿದ ಸುದ್ದಿ ಸೇರಿಸಬೇಡಿ.

ಜಮಾಬಂದಿಗೆ ಟೇಪು ಹಿಡಿದು ಹೋಗಿ

ತಾಲ್ಲೂಕು ಕಚೇರಿಯಲ್ಲಿ ನಿಮ್ಮೊಬ್ಬರ ಐದು ಸಾವಿರ ಹೋಗುತ್ತದೆ. ಪಂಚಾಯಿತಿ ಕಾಮಗಾರಿಯಲ್ಲಿ ಊರಿನ ಲಕ್ಷಗಟ್ಟಲೆ ಹೋಗುತ್ತದೆ, ಯಾರಿಗೂ ನೋವಾಗುವುದಿಲ್ಲ. ನಿವೃತ್ತನಾದ ಮೇಲೆ ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಇಲ್ಲಿನ ಕೆಲಸ.

ಗ್ರಾಮಸಭೆ ಎಲ್ಲರಿಗೂ ಗೊತ್ತು. ಶಾಮಿಯಾನ, ಮೈಕು, ಕೂಗಾಟ, ಊಟ. ಅಲ್ಲಿ ಮಾಡಬೇಕಾದ್ದು ಸ್ವಲ್ಪವೇ: ಪ್ರಶ್ನೆಯನ್ನು ಬರೆದು ಕೊಡಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಿ ಅನ್ನಿ, ಬರೆದಿದ್ದನ್ನು ಓದಿದ ಮೇಲೆಯೇ ಸಹಿ ಹಾಕಿ. ಮನೆಗೆ ಖಾಲಿ ಪುಸ್ತಕ ತಂದು ಹೆಂಗಸರ ಸಹಿ ತಗೊಳ್ಳುವ ರೂಢಿ ಇದ್ದರೆ ಅವತ್ತೇ ನಿಲ್ಲಿಸಿ. ಆ ಸಹಿಯ ಮೇಲೆಯೇ ಮನೆ ಹಂಚಿಕೆಯ ಫಲಾನುಭವಿ ಪಟ್ಟಿ ಪಾಸಾಗಿರುತ್ತದೆ.

ಜಮಾಬಂದಿ ಮಾತ್ರ ಯಾರಿಗೂ ಗೊತ್ತಿಲ್ಲ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ನಡೆಯಬೇಕು. ಹಿಂದಿನ ಆರ್ಥಿಕ ವರ್ಷದ ಜಮಾ ಖರ್ಚು, ಕಾಮಗಾರಿ, ವೋಚರು ಎಲ್ಲವನ್ನೂ ಹೊರಗಿನಿಂದ ಬಂದ ಅಧಿಕಾರಿ ಜನರ ಎದುರು ಪರಿಶೀಲಿಸಬೇಕು, ಕೆಲಸ ನಡೆದ ಜಾಗಕ್ಕೂ ಹೋಗಿ ನೋಡಬೇಕು. ನಮ್ಮ ಕಡೆ ಇದು ಎಷ್ಟೋ ವರ್ಷ ನಾಲ್ಕು ಜನರ ಎದುರು ಅರ್ಧ ಗಂಟೆಯಲ್ಲಿ, ಬಾಳೆಹಣ್ಣು ಬಿಸ್ಕತ್ತಿನೊಂದಿಗೆ ಮುಗಿಯುತ್ತಿತ್ತು.

ಒಂದು ವರ್ಷ ಜುಲೈನಲ್ಲೇ ಒಂದು ಚರಂಡಿಯ ಅಂದಾಜು ಪಟ್ಟಿ ಮತ್ತು ಎಂ.ಬಿ. ಪುಸ್ತಕದ ನಕಲು ಆರ್‌ಟಿಐನಲ್ಲಿ ತೆಗೆಸಿದೆವು. ಎಂ.ಬಿ. ಅಂದರೆ ಇಂಜಿನಿಯರ್ ಅಳತೆ ಬರೆಯುವ ಪುಸ್ತಕ, ಬಿಲ್ ಆಗುವುದು ಅದರ ಮೇಲೆ. ಅದರಲ್ಲಿ ಚರಂಡಿ ಉದ್ದ 140 ಮೀಟರ್. ಜಮಾಬಂದಿ ದಿನ ನಾನು ಎರಡೇ ಮಾತು ಹೇಳಿದ್ದು, ‘ಬನ್ನಿ, ಅಳೆಯೋಣ’. ಪಿಯುಸಿ ಓದುವ ಹುಡುಗರಿಬ್ಬರು ಟೇಪು ಹಿಡಿದರು. ದೇವಸ್ಥಾನದ ಮೂಲೆಯಿಂದ ಹಿಡಿದು ಕೊನೆಯ ಕಲ್ಲಿನವರೆಗೆ 96 ಮೀಟರ್. ಇನ್ನೊಂದು ಸಲ ಅಳೆದರು. 96. ಜಮಾಬಂದಿ ಅಧಿಕಾರಿ ಒಳ್ಳೆಯವರು, ವರದಿಯಲ್ಲಿ ಎರಡೂ ಅಳತೆ ಬರೆದು ನಮ್ಮಿಂದಲೂ ಸಹಿ ಹಾಕಿಸಿದರು. ಹಣ ವಸೂಲಾಗಲಿಲ್ಲ, ಆ ಮಾತು ಬೇರೆ. ಆದರೆ ಎರಡೇ ತಿಂಗಳಲ್ಲಿ ಉಳಿದ 44 ಮೀಟರ್ ಚರಂಡಿ ತಾನೇ ಬೆಳೆಯಿತು. ಗುತ್ತಿಗೆದಾರರ ಕಡೆಯವರು ರಾತ್ರಿ ಲೈಟು ಹಾಕಿ ಕೆಲಸ ಮಾಡಿದರು.

ಆಮೇಲಿಂದ ನಮ್ಮ ಊರಿನಲ್ಲಿ ಹುಡುಗರೇ ಶುರುಮಾಡಿದ್ದಾರೆ. ಕಾಮಗಾರಿ ಫಲಕದ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಕಾಂಕ್ರೀಟ್ ಹಾಕುವ ದಿನವೇ ಹೋಗಿ ದಪ್ಪ ಅಳೆಯುತ್ತಾರೆ. ಒಣಗಿದ ಮೇಲೆ ಅಳೆಯುವುದಕ್ಕೆ ಒಡೆಯಬೇಕಾಗುತ್ತದೆ, ಅಲ್ವಾ? ಅನುಮಾನ ಬಂದರೆ ಸಾಮಗ್ರಿಯ ದೃಢೀಕೃತ ಮಾದರಿ ಕೇಳುವ ಹಕ್ಕೂ ಆರ್‌ಟಿಐ ಕಾಯ್ದೆಯಲ್ಲೇ ಇದೆ.

ಒಳ್ಳೆಯ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಒಳ್ಳೆಯ ಗ್ರಾಮ ಆಡಳಿತ ಅಧಿಕಾರಿ ಸಿಕ್ಕರೆ ಒಂದು ಪತ್ರ ಬರೆಯಿರಿ. ‘ನನ್ನ ಕೆಲಸ ಹೇಳಿದ ದಿನ ಆಯಿತು, ಯಾರೂ ದುಡ್ಡು ಕೇಳಲಿಲ್ಲ’ ಅಂತ ಮೇಲಧಿಕಾರಿಗೆ, ಟಪಾಲಿನಲ್ಲಿ. ನನಗೆ 32 ವರ್ಷದಲ್ಲಿ ಅಂಥದ್ದು ಒಂದೇ ಬಂದಿತ್ತು. ಅಡಿಕೆ ವ್ಯಾಪಾರಿಯೊಬ್ಬರು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದಿದ್ದರು. ಈಗಲೂ ಪೆನ್ಷನ್ ಕಾಗದದ ಜೊತೆ ಇಟ್ಟಿದ್ದೇನೆ.

ಟೇಪು ಮಾತ್ರ ನನ್ನ ಹತ್ತಿರ ಇಲ್ಲ. ಪಕ್ಕದೂರಿನವರು ತಮ್ಮ ಜಮಾಬಂದಿಗೆ ಅಂತ ಒಯ್ದವರು ಇನ್ನೂ ವಾಪಸ್ ಕೊಟ್ಟಿಲ್ಲ.